ಕುಬಸದ ದಾರಿ

“ಗಾಡಿ ತಿರುಗಿಸ್ರಿ,” ಎಂದಳು ಹೊನ್ನವ್ವ.

ಬಸಂತರಾಯ ಮೋಟಾರ್‌ಸೈಕಲ್ಲಿನ ವೇಗ ಇಳಿಸಿದ, ನಿಲ್ಲಿಸಲಿಲ್ಲ. ಎರಡೂ ಕಡೆ ಮರಳು, ಅಲ್ಲೊಂದು ಇಲ್ಲೊಂದು ಜಾಲಿಕಂಟಿ. ಜೈಸಲ್ಮೇರ್ ಹಿಂದೆ ಬಿದ್ದು ಬಹಳ ಹೊತ್ತಾಗಿತ್ತು.

“ಕೇಳಿಸ್ಲಿಲ್ಲೇನ್ರಿ?”

“ಗಾಳಿ ಭಾಳ ಐತಿ.”

“ನಾ ಮಾತಾಡಿದಾಗಷ್ಟ ನಿಮಗ ಗಾಳಿ ಬೀಸ್ತೈತಿ.”

ಯಂಕಂಚಿಯಿಂದ ಹೊರಡುವಾಗಲೇ ಆಕೆ ಕರಾರು ಹಾಕಿದ್ದಳು. ರೈಲು ಬೇಡ. ರೈಲು ಹತ್ತಿದ ಮೇಲೆ ತಿರುಗಿಸು ಎಂದು ಯಾರಿಗೆ ಹೇಳುವುದು? ಗಾಡಿಯ ಮೇಲಾದರೆ ಬರುತ್ತೇನೆ, ನಾನು ಸಾಕು ಅಂದಲ್ಲಿ ತಿರುಗಿಸಬೇಕು. ಈ ವಯಸ್ಸಿನಲ್ಲಿ ಗಂಡಹೆಂಡತಿ ಗಾಡಿಯ ಮೇಲೆ ರಾಜಸ್ಥಾನಕ್ಕೆ ಹೊರಟರೆಂದು ಊರು ನಕ್ಕಿತು. ಬಸಂತರಾಯ ನಗಲಿಲ್ಲ. ಹೊಸ ಟೈರು ಹಾಕಿಸಿದ. ಹಿಂದಿನ ಸೀಟಿಗೆ ಕೌದಿ ಮಡಚಿ ಕಟ್ಟಿ ಸೊಲ್ಲಾಪುರದ ದಾರಿ ಹಿಡಿದ. ಮಹಾರಾಷ್ಟ್ರ ದಾಟಿತು, ಗುಜರಾತ್ ದಾಟಿತು. ಇಂದು ಅಂದಾಳು, ನಾಳೆ ಅಂದಾಳು ಎಂದು ಅವನು ಕಾಯುತ್ತಲೇ ಬಂದಿದ್ದ. ಇನ್ನೇನು ಊರು ಬಂತು ಎನ್ನುವಾಗ ಅಂದಳು.

ಅವರು ಹೊರಟಿದ್ದು ದಾನೇಶ್ವರಿಯ ಕುಬಸಕ್ಕೆ. ಬಸುರಿಗೆ ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಬೇಕು. ಅಳಿಯ ಕಾಂತು ಹೂವಿನ ಹಿಪ್ಪರಗಿಯವನು. ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯಲ್ಲಿ ಕೆಲಸ. ಈ ಮರಳಿನ ನಡುವೆಯೇ ಮನೆ.

ದಾನೇಶ್ವರಿಯ ಮದುವೆಗೆ ಹೊನ್ನವ್ವ ಹೋಗಿರಲಿಲ್ಲ. ಫೋನಿನಲ್ಲಿ ಹುಡುಗಿ “ಅವ್ವಾ” ಎಂದರೆ ಸಾಕು, ಇವಳು ಫೋನನ್ನು ಗಂಡನ ಕೈಗೆ ದಾಟಿಸುತ್ತಿದ್ದಳು. ಸಿಂದಗಿಯ ಬಳೆಗಾರನ ಮುಂದೆ ನಿಂತು, ಫೋನು ಹಚ್ಚಿ, ಕೈಯ ಅಳತೆ ಕೇಳಿದವನು ಬಸಂತರಾಯ. ಬಯಕೆ ಏನೆಂದು ಕೇಳಿದವನೂ ಅವನೇ. ಹುಳಿಯಂತೆ. ಹೊನ್ನವ್ವ ಕೇಳಿಸಿಕೊಂಡಂತೆ ಕಾಣಲಿಲ್ಲ. ಆದರೆ ಹೊರಡುವ ದಿನ ನೋಡಿದರೆ ಶೇಂಗಾ ಹೋಳಿಗೆಯ ಗಂಟಿನೊಳಗೆ ಹುಣಸೆ ತೊಕ್ಕಿನ ಡಬ್ಬಿಯೂ ಇತ್ತು.

ಬೆಳಿಗ್ಗೆ ಚಹಾದಂಗಡಿಯ ಮುದುಕ ಎಲ್ಲಿಗೆ ಎಂದು ಕೇಳಿದಾಗ ಬಸಂತರಾಯ ತನ್ನ ಹರಕು ಹಿಂದಿಯಲ್ಲಿ ಮಗಳ ಮನೆಗೆ ಎಂದಿದ್ದ. ಆಗಲೇ ಆಕೆಯ ಮುಖ ಕೆಟ್ಟಿತ್ತು.

“ಕಂಡಕಂಡವರಿಗೆಲ್ಲ ಮಗಳ ಮನಿ, ಮಗಳ ಮನಿ ಅಂತ ಸಾರ್ಕೊಂತ ಹೊಂಟೀರಲ್ಲ.”

“ಮತ್ತೇನನ್ಲಿ? ನೀನ ಹೇಳು.”

ಆಕೆ ಚಹಾದ ಲೋಟ ಇಟ್ಟು ಗಾಡಿಯ ಕಡೆ ನಡೆದಿದ್ದಳು.

ಈಗ ಅವನು ಗಾಡಿ ನಿಲ್ಲಿಸಿದ. ದೂರದಲ್ಲಿ ಒಂಟೆಯೊಂದು ಹೋಗುತ್ತಿತ್ತು.

“ನೋಡಲ್ಲೆ. ನಿಮ್ಮಣ್ಣನಂಗ ಕುತ್ತಿಗಿ ಎತ್ಕೊಂಡು ಹೊಂಟೈತಿ.”

ಅಣ್ಣನ ಮಾತೆತ್ತಿದರೆ ಜಗಳಕ್ಕೆ ನಿಲ್ಲುವವಳು ಸುಮ್ಮನೆ ಮರಳು ನೋಡುತ್ತಿದ್ದಳು.

“ನನ್ನ ಕೈಲೆ ಆಗೂದಿಲ್ರಿ. ಆಕಿ ಹೊಟ್ಟಿ ಹೊತ್ಕೊಂಡು ಬಾಗಲದಾಗ ನಿಂತಿರ್ತಾಳ. ನನಗ ಅದನ್ನ ನೋಡಾಕ ಆಗೂದಿಲ್ಲ.”

ಬಸಂತರಾಯ ವಾದಿಸಲಿಲ್ಲ. ಕೊಟ್ಟ ಮಾತು. ಗಾಡಿ ತಿರುಗಿಸಿದ.

ಸ್ವಲ್ಪ ದೂರ ಬಂದಿರಬಹುದು, ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಾಂತು. ಬಸಂತರಾಯ ಗಾಡಿ ನಿಲ್ಲಿಸಿ, ಗಾಳಿಯಲ್ಲೂ ಕೇಳಿಸಲೆಂದು ಸ್ಪೀಕರ್ ಹಾಕಿದ.

“ಮಾವಾರ, ಎಲ್ಲಿದ್ದೀರಿ? ಈಕಿ ಮುಂಜಾನಿಂದ ಏನೂ ತಿಂದಿಲ್ರಿ. ಅವ್ವ ಬಂದ ಮ್ಯಾಲೆ ಉಣ್ತೀನಿ ಅಂತಾಳ. ಓಣಿ ಮಂದಿಗೆಲ್ಲ ನಮ್ಮವ್ವ ಬರಾಕತ್ಯಾಳ ಅಂತ ಹೇಳ್ಯಾಳ.” ದನಿ ತಗ್ಗಿಸಿದ. “ಅತ್ತಿಯಾರಿಗೆ ಆಗದಿದ್ರ ತಿರುಗಿ ಹೋಗ್ರಿ. ನಾ ಏನೂ ಅನ್ನಾಂವಲ್ಲ. ನನಗ ತಿಳಿತೈತಿ.”

ಫೋನು ಆರಿತು. ಹೊನ್ನವ್ವ ಗಂಡನ ಭುಜ ಹಿಡಿದು ಅಲುಗಿಸಿದಳು.

“ಏಳನೇ ತಿಂಗಳಾಗ ಉಪವಾಸ ಇರ್ತಾರೇನ್ರಿ? ಹುಚ್ಚಿ. ಆಕಿಗೆ ಬುದ್ಧಿ ಹೇಳಾವ್ರು ಯಾರೂ ಇಲ್ಲೇನು?”

“ಯಾರದಾರ?” ಎಂದ ಬಸಂತರಾಯ.

ಹೊನ್ನವ್ವ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು.

“ತಿರುಗಿಸ್ರಿ,” ಎಂದಳು.

ಕಂಪನಿಯ ಸಾಲು ಮನೆಗಳ ಮುಂದೆ ಗಾಡಿ ನಿಂತಾಗ ಇಳಿಬಿಸಿಲು. ದಾನೇಶ್ವರಿ ಬಾಗಿಲಲ್ಲೇ ಇದ್ದಳು. ಮುಂದೆ ಬರುವ ಧೈರ್ಯವಿಲ್ಲ, ಒಳಗೆ ಹೋಗುವ ಮನಸ್ಸಿಲ್ಲ. ಅವಳ ಹಿಂದೆ ಕಾಂತು ತಲೆ ತಗ್ಗಿಸಿ ನಿಂತಿದ್ದ. ಹೊನ್ನವ್ವ ಮರಗಟ್ಟಿದ ಮೊಣಕಾಲು ಎಳೆದುಕೊಂಡು ಹತ್ತಿರ ಹೋದಳು. ಹುಡುಗಿ ಕಾಲಿಗೆ ಬಾಗಲು ಹೋದಾಗ ಭುಜ ಹಿಡಿದು ತಡೆದಳು.

“ನೀವು ಬರೂದಿಲ್ಲ ಅಂದ್ಕೊಂಡಿದ್ದೆನ್ರಿ,” ಎಂದಳು ದಾನೇಶ್ವರಿ.

ಹೊನ್ನವ್ವ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಹಣೆ, ಕಣ್ಣು, ಗದ್ದ, ಒಂದೊಂದನ್ನೇ, ಏನೋ ಹುಡುಕುವವಳಂತೆ. ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ.

“ನನ್ನ ಮಗಳು ಜಯಮಾಲಾ ಬಸುರಿದ್ದಾಗ ತೀರಿಕೊಂಡ್ಳವಾ, ಆಕಿ ಕುಬಸ ಮಾಡೂದು ನನ್ನ ಹಣ್ಯಾಗ ಬರ್ದಿರ್ಲಿಲ್ಲ,” ಎಂದಳು. “ಆಕಿ ಗಂಡನ್ನ ಲಗ್ನ ಆದಾಕಿ ನೀನು, ಹೆತ್ತವ್ವನ್ನೂ ಕಾಣದಾಕಿ. ಆಕಿ ಜಾಗಕ್ಕ ಬಂದಾಕಿಗೆ ನಾವ ತವರು. ಕೂಡ್ರು ಮಗಳ, ಮೊದಲ ಉಣ್ಣು.”