ಫೋರ್ ಹಾಕಿದ ಜೀಪು

ಮೊದಲ ತಿರುವಿನಲ್ಲಿ ಅನಿಲ ಬ್ರೇಕ್ ತುಳಿದ. ಜೀಪು ನಿಲ್ಲಲಿಲ್ಲ. ಕೆಂಪು ರಾಡಿಯ ಮೇಲೆ ಅಡ್ಡಡ್ಡ ಜಾರಿ, ಹಿಂದಿನ ಗಾಲಿಯನ್ನು ದಂಡೆಗೆ ಬಡಿಸಿಕೊಂಡು, ಹೇಗೋ ಮತ್ತೆ ದಾರಿಗೆ ಬಂತು. ಹಿಂದೆ ಕೂತಿದ್ದ ತುಳಜಾ ಒಂದು ಕೈಯಲ್ಲಿ ಸರಳನ್ನೂ ಇನ್ನೊಂದರಲ್ಲಿ ಮಡಿಲಿನ ಮಗಳನ್ನೂ ಬಿಗಿಯಾಗಿ ಹಿಡಿದುಕೊಂಡಳು. ರಾತ್ರಿಯಿಂದ ವಾಂತಿ ಭೇದಿಯಾಗಿ ಸೌಂದರ್ಯಾಳ ಕಣ್ಣು ಒಳಗೆ ಹೋಗಿದ್ದವು, ತುಟಿ ಒಣಗಿ ಬಿರಿದಿದ್ದವು. ದಾಂಡೇಲಿಯ ಆಸ್ಪತ್ರೆ ಮುಟ್ಟುವ ತನಕ ಈ ಜೀವ ತಡೆದರೆ ಸಾಕಾಗಿತ್ತು.

"ಸೌಂದರ್ಯಾ, ದೊಡ್ಡಪ್ಪಗ ಹೇಳವಾ, ಸಾವಕಾಶ ಹೋಗ್ರಿ ಅಂತ."

ಅನಿಲ ತುಳಜಾಳ ಗಂಡನ ಅಣ್ಣ. ಭಾವನ ಜೊತೆ ನೇರ ಮಾತಾಡುವ ಪದ್ಧತಿ ಅವರ ಮನೆಯ ಸೊಸೆಯಂದಿರಿಗೆ ಇರಲಿಲ್ಲ. ಹೇಳುವುದಿದ್ದರೆ ಕೂಸಿಗೆ ಹೇಳಬೇಕು, ಅವನೂ ಕೂಸಿಗೇ ಉತ್ತರ ಕೊಡಬೇಕು. ಕೂಸು ಹುಟ್ಟುವ ಮೊದಲು ತುಳಜಾ ಎಮ್ಮೆಯ ಕರುವಿಗೆ ಹೇಳುತ್ತಿದ್ದಳು. 'ಊಟಕ್ಕ ಬರಬೇಕಂತ ಹೇಳು' ಎಂದು ಕರುವಿನ ಕಿವಿ ಹಿಡಿದು ಹೇಳಿದರೆ, ಅಂಗಳದ ಆಚೆಯಿಂದ ಅನಿಲ ಎದ್ದು ಬರುತ್ತಿದ್ದ. ಮನೆಮಂದಿಯೆಲ್ಲ ನಗುತ್ತಿದ್ದರು.

ಈಗ ಯಾರೂ ನಗಲಿಲ್ಲ. "ನಿಮ್ಮವ್ವಗ ಹೇಳು, ಫೋರ್ ಹಾಕೇನಿ, ನಾಕೂ ಗಾಲಿಗೆ ಎಂಜಿನ್ ಜೋಡಿಸೇನಿ," ಎಂದ ಅನಿಲ, ಹಿಂತಿರುಗದೆ. "ಇಂಥಾ ಗಾಡಿ ಹಿಮ ಬಿದ್ದ ದಾರ್ಯಾಗೂ ಓಡ್ತಾವು. ಫೋನಿನಾಗ ನೋಡಿಲ್ಲೇನು? ಮೊಣಕಾಲಮಟ ಬರ್ಫ, ನಾಕೂ ಗಾಲಿ ಹೆಂಗ ಎಳೀತಾವು! ಇದೇನ, ಬರೇ ರಾಡಿ."

ಪ್ರವಾಸಿಗರನ್ನು ಕಾಡು ಸುತ್ತಿಸುವ ಜೀಪು ಅದು. ಕೂಸಿಗೆ ಹೀಗಾಗಿದೆ ಎಂದು ಗೊತ್ತಾದದ್ದೇ ಗಿರಾಕಿಗಳನ್ನು ಅರ್ಧಕ್ಕೆ ಇಳಿಸಿ ಮನೆಗೆ ಧಾವಿಸಿದ್ದ. ಅವನಿಗೂ ಸೌಂದರ್ಯಾ ಅಂದರೆ ಜೀವ. ಅದಕ್ಕೇ ಅವನ ಕಾಲು ಆಕ್ಸಿಲರೇಟರ್ ಬಿಡುತ್ತಿರಲಿಲ್ಲ.

ತುಳಜಾಳದು ಮಾತು ಕಡಿಮೆ, ಕಣ್ಣು ಚುರುಕು. ಏರಿನಲ್ಲಿ ಜೀಪು ನಾಲ್ಕೂ ಗಾಲಿ ಊರಿ ಗಟ್ಟಿಯಾಗಿ ಹತ್ತಿದ್ದನ್ನು ನೋಡಿದ್ದಳು. ಇಳಿಜಾರಿನಲ್ಲಿ ಬ್ರೇಕ್ ಬಿದ್ದಾಗ ಅದೇ ನಾಲ್ಕೂ ಗಾಲಿ ಸಾಬೂನಿನ ಮೇಲಿಟ್ಟ ಹಾಗೆ ಒಟ್ಟಿಗೇ ಜಾರಿದ್ದನ್ನೂ ನೋಡಿದ್ದಳು. ಹತ್ತಿದ ಖುಷಿಯಲ್ಲಿ ಅನಿಲ ಜಾರಿದ್ದನ್ನು ಮರೆತಿದ್ದ.

ಮಳೆ ಹೊಳವಾಗಿ ಮರಗಳ ಸಂದಿನಿಂದ ಬಿಸಿಲು ಬಿತ್ತು. ಅದನ್ನು ನೋಡಿದ್ದೇ ಅವಳು ಕೆಳಗಿನ ದಾರಿಯತ್ತ ಕಣ್ಣು ಹಾಯಿಸಿದಳು. ಬಿಸಿಲು ಬೀಳುವ ಹೊತ್ತಿಗೆ ಮಾವ ಡಾಕಪ್ಪ ಎಮ್ಮೆಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗುತ್ತಾನೆ. ಕಾಲುದಾರಿಯಲ್ಲಿ ಇಳಿಸಿ ಅವನ್ನು ರಸ್ತೆ ದಾಟಿಸುವುದು ಈ ಇಳಿಜಾರಿನ ಕೊನೆಯ ತಿರುವಿನಾಚೆ. ಬೆಳಕು ಹರಿಯುವ ಮೊದಲೇ ಗಾಡಿ ಹತ್ತಿ ಹೋಗುವ ಅನಿಲನಿಗೆ ಮನೆಯ ಈ ಹೊತ್ತುಗಳು ಗೊತ್ತಿರಲಿಲ್ಲ. ಹಾರ್ನ್ ಹೊಡೆದರೂ ಆಗದು. ಹಾರ್ನ್ ಕೇಳಿದರೆ ಎಮ್ಮೆಗಳು ಓಡುವುದಿಲ್ಲ, ನಡುದಾರಿಯಲ್ಲಿ ನಿಂತು ನೋಡುತ್ತವೆ.

"ಸೌಂದರ್ಯಾ, ಹೇಳವಾ... ಕೆಳಗ ಅಜ್ಜ ಎಮ್ಮಿ ದಾಟಸೂ ಹೊತ್ತು... ಹೇಳವಾ ದೊಡ್ಡಪ್ಪಗ..."

ಕೂಸಿನ ಕತ್ತು ಅವಳ ತೋಳಿನ ಮೇಲೆ ವಾಲಿತ್ತು. ರೆಪ್ಪೆ ಸಹ ಅಲುಗಲಿಲ್ಲ. ಎಂಜಿನ್ ಗದ್ದಲದಲ್ಲಿ ಅನಿಲನಿಗೆ ಏನೂ ಕೇಳಿಸಲಿಲ್ಲ. ಇಳಿಜಾರು ಕಡಿದಾಯಿತು. ಟಾರ್ಪಾಲು ಪಟಪಟ ಬಡಿಯತೊಡಗಿತು.

ತುಳಜಾ ಸರಳು ಬಿಟ್ಟಳು. ಮುಂದಕ್ಕೆ ಬಾಗಿ ಭಾವನ ಹೆಗಲನ್ನು ಗಟ್ಟಿಯಾಗಿ ಹಿಡಿದಳು. ತಲೆಯ ಮೇಲಿನ ಸೆರಗು ಹಾರಿ ಹಿಂದೆ ಬಿತ್ತು.

"ಭಾವಾ! ನಾಕೂ ಗಾಲಿ ಎಳೀತಾವು ಖರೆ, ನೆಲ ಹಿಡಿಯೂದಿಲ್ಲ! ತಿರುವಿನಾಗ ಮಾವ ಅದಾರ! ಈಗಿಂದನ ಸಾವಕಾಶ ಮಾಡ್ರಿ!"

ಅನಿಲ ಬೆಚ್ಚಿಬಿದ್ದ. ಮಾತಿಗೋ, ಮುಟ್ಟಿದ್ದಕ್ಕೋ, ಅವನ ಕಾಲು ತಾನಾಗಿಯೇ ಮೇಲೆದ್ದಿತು. ಗೇರ್ ಇಳಿಸಿದ, ಮತ್ತೆ ಇಳಿಸಿದ. ಎಂಜಿನ್ ಕಿರುಚಿಕೊಂಡಿತು. ಜೀಪು ಮುಗ್ಗರಿಸುತ್ತ ನಿಧಾನವಾಯಿತು, ನಡೆಯುವವನ ವೇಗಕ್ಕೆ ಬಂತು, ತಿರುವು ದಾಟಿತು.

ದಾರಿಯ ತುಂಬ ಎಮ್ಮೆಗಳು. ನಡುವೆ ಕೋಲು ಹಿಡಿದು ಡಾಕಪ್ಪ, ಬೆನ್ನು ಜೀಪಿನ ಕಡೆಗೆ.

ಅನಿಲ ಬ್ರೇಕ್ ಮೇಲೆ ಕಾಲಿಟ್ಟ. ಅಷ್ಟು ನಿಧಾನವಾಗಿದ್ದರೂ ಜೀಪು ಜಾರಿತು. ಜಾರುತ್ತಲೇ ಇತ್ತು. ಮುಂದಿನ ಬಂಪರ್ ಒಂದು ಎಮ್ಮೆಯ ತೊಡೆಗೆ ಮೆಲ್ಲಗೆ ಒರಗಿ ನಿಂತಿತು. ಎಮ್ಮೆ ತಿರುಗಿ ನೋಡಿ ಬಾಲ ಬೀಸಿತು.

ಡಾಕಪ್ಪ ತಿರುಗಿದ. ಮೊದಲು ಮಗನ ಬೆಳ್ಳಗಾದ ಮುಖ ನೋಡಿದ, ಆಮೇಲೆ ಸೊಸೆಯ ಬರಿದಲೆ, ಆಮೇಲೆ ಮಗನ ಹೆಗಲ ಮೇಲಿದ್ದ ಅವಳ ಕೈ. ಬಾಯಿ ತೆರೆದ.

"ಮಾವಾ, ಬೈಯೂದ ಆಮ್ಯಾಗ," ಎಂದಳು ತುಳಜಾ. ಅವಳ ಕೈ ಅಲ್ಲೇ ಇತ್ತು. "ಕೂಸ ಕಣ್ಣ ತೆರಿವಲ್ದು. ಎಮ್ಮಿ ಸರಸ್ರಿ."

ಡಾಕಪ್ಪ ಜೀಪಿನೊಳಗೆ ಬಾಗಿ ಮೊಮ್ಮಗಳನ್ನು ನೋಡಿದ. ತೆರೆದ ಬಾಯಿ ಮುಚ್ಚಿತು. ಕೋಲೆತ್ತಿ, ಎಂದೂ ಹೊಡೆಯದ ತನ್ನ ಎಮ್ಮೆಗಳಿಗೆ ಪಟಪಟನೆ ಬಾರಿಸಿ ದಾರಿ ಬಿಡಿಸಿದ.

ಉಳಿದ ರಾಡಿಯನ್ನು ಅನಿಲ ಉಸಿರು ಬಿಗಿಹಿಡಿದು ತೆವಳಿಸಿಕೊಂಡು ದಾಟಿದ. ಡಾಂಬರು ರಸ್ತೆ ಬಂತು. ನೇರ ರಸ್ತೆ, ಬಿಸಿಲಿಗೆ ಆಗಲೇ ಒಣಗುತ್ತ ಬಂದಿತ್ತು, ಎದುರಿಗೆ ಒಂದು ಸೈಕಲ್ಲೂ ಇರಲಿಲ್ಲ. ಆದರೂ ಜೀಪು ತೆವಳುತ್ತಲೇ ಇತ್ತು. ಈಗ ಅನಿಲನ ಕಾಲು ಆಕ್ಸಿಲರೇಟರ್ ಮುಟ್ಟುತ್ತಲೇ ಇರಲಿಲ್ಲ.

ತುಳಜಾ ಕೂಸಿನ ಮೂಗಿನ ಬಳಿ ಬೆರಳು ಹಿಡಿದು ನೋಡಿದಳು. ಉಸಿರು ಇತ್ತು, ಸಣ್ಣಗೆ.

"ಭಾವಾ, ಇಲ್ಲಿ ನೆಲ ಹಿಡೀತೈತಿ," ಎಂದಳು. "ಈಗ ಜೋರ ಹೊಡೀರಿ."