ಬಿಸಿಲಿಗೆ ಮುಸುಕು

"ಏನಮ್ಮಾ ಮದುಮಗಳೇ, ಮುಸುಕು ತೆಗ್ದು ಮುಖ ತೋರ್ಸು," ಎಂದು ಬಣ್ಣದ ಕೆಲಸದ ಮೇಸ್ತ್ರಿ ಮೂರನೇ ಮಹಡಿಯಿಂದ ಕೂಗಿದ. ಗೋಡೆಗೆ ಬಣ್ಣ ಬಳಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನಕ್ಕರು.

ಅಕ್ಕನ ಹೂವಿನ ಸ್ಕಾರ್ಫು ಸುತ್ತಿಕೊಂಡು ಕೆಳಗೆ ನಿಂತಿದ್ದ ಹುಡುಗನಿಗೆ ಮೈಯೆಲ್ಲ ಉರಿದುಹೋಯಿತು. ಶ್ವಾಸಕೋಶದ ಸೋಂಕಿಗೆ ತಿಂಗಳುಗಟ್ಟಲೆ ನುಂಗುತ್ತಿದ್ದ ಮಾತ್ರೆಯಿಂದಾಗಿ, ಬಿಸಿಲು ಸೋಕಿದರೆ ಸಾಕು, ಅವನ ಚರ್ಮ ಸುಟ್ಟಂತೆ ಕೆಂಪಾಗುತ್ತಿತ್ತು. "ನಗೋರು ನಗ್ಲಿ ಬಿಡೋ, ನಿನ್ ತೊಗಲು ಸುಟ್ರೆ ಅವ್ರು ತಂದ್ಕೊಡ್ತಾರಾ?" ಎಂದು ಅಕ್ಕನೇ ಸ್ಕಾರ್ಫು ಕಟ್ಟಿ ಕಳಿಸಿದ್ದಳು. ನಾಳೆಯಿಂದ ಆ ಹಾಳು ಮಾತ್ರೆ ಮುಟ್ಟುವುದೇ ಇಲ್ಲ ಎಂದುಕೊಂಡು, ಕೈಯಲ್ಲಿದ್ದ ಬಣ್ಣದ ಡಬ್ಬಗಳ ಸಮೇತ ಅವನು ದಡದಡನೆ ಮೆಟ್ಟಿಲು ಹತ್ತಿದ.

"ಏನೋ ಹೇಳೋಕ್ ಬಂದಂಗಿದೆ, ಹೇಳಪ್ಪಾ," ಎಂದ ಮೇಸ್ತ್ರಿ.

ಹುಡುಗ ಬೈಯಲು ಬಾಯಿ ತೆರೆದ. ಕೆಮ್ಮು ಬರಲಿಲ್ಲ. ಮೊನ್ನೆ ಮೊನ್ನೆಯವರೆಗೂ ಮೊದಲ ಮಹಡಿಯಲ್ಲೇ ಡಬ್ಬ ಇಳಿಸಿ, ಗೋಡೆಗೊರಗಿ ಕೆಮ್ಮುತ್ತಾ ಕೂರುತ್ತಿದ್ದವನು ಇಂದು ಎಲ್ಲೂ ನಿಲ್ಲದೆ ಮೇಲೆ ಬಂದಿದ್ದ. ಮಾತ್ರೆ ಕೆಲಸ ಮಾಡುತ್ತಿತ್ತು. ಬೈಯಲು ಬೇಕಾದಷ್ಟು ಉಸಿರು ಎದೆಯಲ್ಲಿತ್ತು, ಆದರೆ ಅದನ್ನು ಈ ಮನುಷ್ಯನ ಮೇಲೆ ದಂಡ ಮಾಡಲು ಮನಸ್ಸಾಗಲಿಲ್ಲ. ಡಬ್ಬಗಳನ್ನು ಮೇಸ್ತ್ರಿಯ ಕಾಲ ಬಳಿ ಇಟ್ಟು, ಅವನು ನಾಲ್ಕನೇ ಮಹಡಿಯ ಮೆಟ್ಟಿಲು ಹತ್ತತೊಡಗಿದ.

"ಏಯ್, ಮೇಲೆ ಏನೂ ಕೆಲ್ಸ ಇಲ್ಲ ಕಣೋ," ಎಂದ ಮೇಸ್ತ್ರಿ.

ಈ ಉಸಿರು ಎಲ್ಲಿಯವರೆಗೆ ಬರುತ್ತದೋ ನೋಡೇಬಿಡೋಣ ಎಂದುಕೊಂಡು ಅವನು ಹತ್ತುತ್ತಲೇ ಹೋದ.