ನಾಡಿದ್ದಿನ ಜಂಪರು

“ಜಂಪರಾ? ಅದನ್ನ ಮುಂಜಾನೆನ ನಿಮ್ಮತ್ತಿ ಒಯ್ದಾರಲ್ಲ” ಎಂದ ದರ್ಜಿ ದಸ್ತಗೀರ್‌ಸಾಬ್.

ಅಂಬಿಕಾಳಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಮೈಯೆಲ್ಲ ಉರಿದುಹೋಯಿತು. ನಾಡಿದ್ದು ಅವಳ ಮದುವೆ. ಲಿಂಗಸುಗೂರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ, ಹೈಸ್ಕೂಲು ಮಾಸ್ತರ ಶಿವಪ್ರಸಾದನ ಜೊತೆ. ಅತ್ತೆ ಎಂದರೆ ಶಿವಪ್ರಸಾದನ ತಾಯಿಯಲ್ಲ. ತೀರಿಹೋದ ಮೊದಲ ಗಂಡ ಸಿದ್ದರಾಮನ ತಾಯಿ, ಸಿಂಧನೂರಿನ ಕಸ್ತೂರೆಮ್ಮ.

ದಸ್ತಗೀರ್‌ಸಾಬ್ ನಡೆದದ್ದನ್ನೆಲ್ಲ ಒದರಿದ. ಮಸ್ಕಿಯಲ್ಲಿ ಅವನು ಅಂಗಡಿ ಬಾಗಿಲು ತೆಗೆಯುವುದಕ್ಕೂ ಕಸ್ತೂರೆಮ್ಮ ಬಸ್ಸಿಳಿದು ಬರುವುದಕ್ಕೂ ಸರಿಹೋಯಿತಂತೆ. ಸೊಸೆಯ ಬಟ್ಟೆ ಇಲ್ಲಿದೆ ಎಂದು ಯಾರಿಂದಲೋ ಕೇಳಿ ಬಂದವಳು, ಗೂಟಕ್ಕೆ ನೇತುಹಾಕಿದ್ದ ಜಂಪರನ್ನು ತಾನೇ ಇಳಿಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳಂತೆ. “ಏನಪಾ ಸಾಬಣ್ಣಾ, ಇದನ್ನ ಹೆಣಕ್ಕ ಹಾಕಾಕ ಹೊಲಿದೀಯೇನು?” ಎಂದು ಕೇಳಿ, ಚೀಲದಿಂದ ಬ್ಲೇಡು ತೆಗೆದು, ಅಂಗಡಿಯ ಕಟ್ಟೆಯ ಮೇಲೇ ಕುಳಿತು ತೋಳುಗಳನ್ನು ಬಿಚ್ಚತೊಡಗಿದಳಂತೆ.

“ನೀವು ಸುಮ್ನ ನೋಡಕೋತ ನಿಂತ್ರೇನು?”

“ಏನ್ ಮಾಡ್ಲಿ ತಂಗೀ. ಅವರ ಕೈಯಾಗ ಬ್ಲೇಡಿತ್ತು.”

ಮೊಳದುದ್ದದ ಕತ್ತರಿ ಕೈಯಲ್ಲಿ ಹಿಡಿದೇ ಆ ಪುಣ್ಯಾತ್ಮ ಈ ಮಾತು ಹೇಳಿದ. ಅವನೊಡನೆ ಜಗಳಕ್ಕೆ ನಿಲ್ಲುವಷ್ಟು ಪುರುಸೊತ್ತು ಅಂಬಿಕಾಳಿಗಿರಲಿಲ್ಲ. ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ಇಲ್ಲಿಗೆ ಬಂದಿದ್ದಳು. ನರ್ಸಿನ ಬಿಳಿ ಕೋಟಿನಲ್ಲೇ ಹೋಗಿ ಸಿಂಧನೂರಿನ ಬಸ್ಸು ಹತ್ತಿದಳು.

ಬಸ್ಸಿನ ತುಂಬ ಜನ. ಅಂಬಿಕಾಳ ತಲೆಯ ತುಂಬ ಕಸ್ತೂರೆಮ್ಮ. ಬಳಗಾನೂರು, ಗೊರೇಬಾಳದ ಕಡೆಯ ಮದುಮಗಳೆಂದರೆ ಮೊದಲು ಹುಡುಕಿಕೊಂಡು ಬರುವುದು ಈ ಮುದುಕಿಯ ಮನೆಯನ್ನು. ಮಗ್ಗಂ ವರ್ಕ್ ಎಂದರೆ ಅವಳದೇ. ಜಂಪರಿನ ಬಟ್ಟೆಯ ಮೇಲೆ ಜರಿ, ಮಣಿ, ಕನ್ನಡಿ ಇಟ್ಟು ನವಿಲು ಕುಣಿಸುತ್ತಾಳೆ, ಬಳ್ಳಿ ಹರಿಸುತ್ತಾಳೆ. ಊರ ಹೆಣ್ಣುಮಕ್ಕಳಿಗೆಲ್ಲ ಒಳ್ಳೆಯವಳು. ಸೊಸೆ ಇನ್ನೊಂದು ಮದುವೆ ಆಗುತ್ತೇನೆ ಎಂದ ದಿನ ಮಾತ್ರ ಸೂಜಿ ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ. ಅಂಬಿಕಾ ಅದೇ ವಾರ ಮಸ್ಕಿಯಲ್ಲಿ ಬಾಡಿಗೆಯ ಕೋಣೆ ಹಿಡಿದಳು.

ಮದುವೆಯ ಜಂಪರನ್ನು ಕಸ್ತೂರೆಮ್ಮನ ಕೈಗೆ ಕೊಡುವ ಮಾತೇ ಇರಲಿಲ್ಲ. ದಸ್ತಗೀರ್‌ಸಾಬ್ ಶಾಲೆಯ ಯೂನಿಫಾರಂ ಹೊಲಿಯುವವನು. ಬೇಕಾಗಿದ್ದವನೂ ಅಂಥವನೇ. ಒಂದು ಮಣಿಯೂ ಬೇಡ, ಒಂದು ಹೂವೂ ಬೇಡ, ಎರಡನೆಯ ಸಲಕ್ಕೆ ಇಷ್ಟು ಸಾಕು ಎಂದು ಹೇಳಿ ಬಟ್ಟೆ ಕೊಟ್ಟಿದ್ದಳು. ಅಷ್ಟು ತಗ್ಗಿ ಬಗ್ಗಿ ನಡೆದರೂ ಈ ಮುದುಕಿಗೆ ಸಮಾಧಾನವಿಲ್ಲವಲ್ಲ ಎಂದು ಹಲ್ಲು ಕಡಿದಳು.

ಸಿಂಧನೂರಿನಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಓಣಿಯ ತುದಿಯಲ್ಲೇ ಪಕ್ಕದ ಮನೆಯ ಪೀರಮ್ಮ ತಡೆದಳು. ಕಸ್ತೂರೆಮ್ಮ ಮುಂಜಾನೆಯಿಂದ ಒಲೆ ಹಚ್ಚಿಲ್ಲ, ಯಾರನ್ನೂ ಒಳಗೆ ಬಿಟ್ಟುಕೊಂಡಿಲ್ಲ, ನೀನೂ ಇವತ್ತು ಹೋಗುವುದು ಬೇಡ ಎಂದಳು. ಅಂಬಿಕಾ ಅವಳನ್ನು ದಾಟಿ ನಡೆದು ಬಾಗಿಲು ಬಡಿದಳು.

ಬಾಗಿಲು ಒಂದು ಗೇಣು ತೆರೆಯಿತು. ಕಸ್ತೂರೆಮ್ಮನ ಕಣ್ಣು ಕೆಂಡವಾಗಿದ್ದವು. ಅವಳ ಹಿಂದೆ, ಪಡಸಾಲೆಯ ನೆಲದ ಮೇಲೆ, ಜಂಪರಿನ ಬೆನ್ನು ಒಂದು ಕಡೆ, ಎದೆಯ ತುಂಡುಗಳು ಇನ್ನೊಂದು ಕಡೆ ಬಿದ್ದಿದ್ದವು. ಕಿತ್ತ ದಾರ ಎಲ್ಲೆಂದರಲ್ಲಿ ಹರಡಿತ್ತು.

“ಯಾಕ್ರೀ ಹಿಂಗ ಮಾಡಿದ್ರಿ?”

“ಯಾಕ ಮಾಡಬಾರದು? ನಾ ಜೀವಂತ ಇರೋತನಕ ನೀ ಅದನ್ನ ಹಾಕ್ಕೊಂಡು ಮಂದಿ ಮುಂದ ನಿಂದ್ರಾಕ ಬಿಡಾಂಗಿಲ್ಲ.”

“ನನ್ನ ಮದುವಿ ನಿಮಗ್ಯಾಕ ಬೇಕ್ರೀ?”

“ಕಸ್ತೂರೆಮ್ಮನ ಸೊಸಿ ಅಂತ ಮಂದಿ ನೋಡ್ತಾರ. ನನ್ನ ಮಾನ ಕಳೀಬೇಕಂತ ಮಾಡೀಯಲ್ಲಾ ನೀ?”

ಅಂಬಿಕಾ ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. ಸಿದ್ದರಾಮನ ಲಾರಿ ಪಲ್ಟಿಯಾದದ್ದು ತನ್ನ ಕಾಲ್ಗುಣದಿಂದಲ್ಲ ಎಂದಳು. ಅವನ ನೆನಪಿಗೆ ತನ್ನನ್ನು ಸುಟ್ಟುಕೊಳ್ಳಬೇಕಿತ್ತೇನು ಎಂದು ಕೇಳಿದಳು. ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದವು. ಕಸ್ತೂರೆಮ್ಮ ಬಾಗಿಲಿಗೆ ಒರಗಿ ಕೇಳಿಸಿಕೊಂಡಳು. ಮಗನ ಹೆಸರು ಬಂದಾಗ ಮಾತ್ರ ಒಮ್ಮೆ ಕಣ್ಣು ಮುಚ್ಚಿದಳು.

“ಇವತ್ತಿಗೆ ನಿಮಗೂ ನನಗೂ ಮುಗೀತು. ನನ್ನ ಬಟ್ಟಿ ನನಗ ಕೊಡ್ರಿ. ಚಿಂದಿ ಆಗಿದ್ರೂ ಅದು ನಂದು.”

“ಕೊಡಾಂಗಿಲ್ಲ.”

ಅಂಬಿಕಾ ಬಾಗಿಲು ನೂಕಿ ಒಳನುಗ್ಗಿದಳು. ಬೆನ್ನನ್ನು ಎತ್ತಿಕೊಂಡಳು, ಎದೆಯ ತುಂಡುಗಳನ್ನು ಬಾಚಿಕೊಂಡಳು. ಬಟ್ಟೆಗೆ ಎಲ್ಲಿಯೂ ಬ್ಲೇಡು ತಾಗಿರಲಿಲ್ಲ, ಹೊಲಿಗೆಯಷ್ಟೇ ಹೋಗಿತ್ತು. ಆ ಸಿಟ್ಟಿನಲ್ಲಿ ಅದನ್ನು ನೋಡುವವರು ಯಾರು? ತೋಳುಗಳು ಮಾತ್ರ ಸಿಗಲಿಲ್ಲ. ಒಳಕೋಣೆಯಲ್ಲಿ ಬೆಳಕಿತ್ತು. ಎರಡೇ ಹೆಜ್ಜೆಗೆ ಅಲ್ಲಿದ್ದಳು.

ಬಾಗಿಲಲ್ಲೇ ನಿಂತುಬಿಟ್ಟಳು.

ಎರಡೂ ತೋಳುಗಳನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು ಕಟ್ಟಲಾಗಿತ್ತು. ಒಂದರ ಅಂಚಿನಿಂದ ಅರ್ಧದವರೆಗೆ ಜರಿಯ ಬಳ್ಳಿ ಹರಿದಿತ್ತು, ಬಳ್ಳಿಯ ತುಂಬ ಕೆಂಪು ಮಣಿಯ ಮೊಗ್ಗು.

ಕಸ್ತೂರೆಮ್ಮ ಅವಳನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಚೌಕಟ್ಟಿನ ಮುಂದೆ ಕುಳಿತು ಸೂಜಿ ಎತ್ತಿಕೊಂಡಳು. ಸಿಟ್ಟು ಇನ್ನೂ ಒಂದು ಚೂರೂ ಇಳಿದಿರಲಿಲ್ಲ. “ಇಂದು ಬಟ್ಟಿ ತರ್ತಾಳ, ನಾಳಿ ತರ್ತಾಳ ಅಂತ ಬಾಗಲಾ ಕಾದೀನಿ. ನೀ ಹೋಗಿ ಯೂನಿಫಾರಂ ಹೊಲಿಯಾವನಿಗೆ ಕೊಟ್ಟೆಲ್ಲ? ಹೊಲಿದ ಜಂಪರದ ಮ್ಯಾಲ ಬಳ್ಳಿ ಹ್ಯಾಂಗ ತುಂಬಲಿ? ಬಿಚ್ಚಲಾರದ ಏನ್ ಮಾಡ್ಲಿ? ನನ್ನ ಮನೀ ಹೆಣ್ಣಮಗಳು ಬರೇ ತೋಳಿಲೇ ಮದುಮಗಳಾಗಿ ನಿಂದ್ರಾಂಗಿಲ್ಲ.”